ಹಿರಿಯರ ಲಸಿಕೆ: ವಿಮೆ ಕೊಡುವುದೇನು, ಕೊಡದಿರುವುದೇನು?

ಮನೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಹೊಲದ ಪಹಣಿ, ಮನೆಯ ಕ್ರಯಪತ್ರ, ಬ್ಯಾಂಕಿನ ಪಾಸ್‌ಬುಕ್ಕುಗಳ ಜೊತೆಗೆ ಇಂದು ಆರೋಗ್ಯ ವಿಮೆಯ ಪಾಲಿಸಿಯೂ ಸ್ಥಾನ ಪಡೆದಿದೆ. ವರ್ಷಕ್ಕೊಮ್ಮೆ ಕಂತು ಕಟ್ಟಿ, ರಸೀದಿಯನ್ನು ಅದೇ ಪೆಟ್ಟಿಗೆಯಲ್ಲಿರಿಸಿ, ಇನ್ನು ಆರೋಗ್ಯದ ಚಿಂತೆ ಕಳೆಯಿತೆಂದು ಗೃಹಸ್ಥರು ನಿರಾಳರಾಗುತ್ತಾರೆ. ಈ ನೆಮ್ಮದಿ ತಪ್ಪಲ್ಲ. ಆದರೆ ಆ ಪತ್ರದೊಳಗೆ ಏನು ಬರೆದಿದೆಯೆಂಬುದನ್ನು ಓದಿದವರು ವಿರಳ. ಕಷ್ಟಕಾಲ ಬಂದಾಗಲೇ ಅದನ್ನು ತೆರೆಯುವುದು ನಮ್ಮ ವಾಡಿಕೆ.

ಮನೆಯ ಹಿರಿಯರನ್ನು ಪರೀಕ್ಷಿಸಿದ ವೈದ್ಯರು, "ಇವರಿಗೆ ಸಕ್ಕರೆ ಕಾಯಿಲೆಯಿದೆ, ವಯಸ್ಸೂ ಅರವತ್ತು ದಾಟಿದೆ, ಫ್ಲೂ ಜ್ವರದ ಲಸಿಕೆ, ನ್ಯುಮೋನಿಯಾದ ಲಸಿಕೆ ಹಾಕಿಸಿರಿ" ಎಂದು ಸಲಹೆ ಕೊಡುತ್ತಾರೆನ್ನೋಣ. ಆಗ ಮಕ್ಕಳಿಂದ ಬರುವ ಮೊದಲ ಪ್ರಶ್ನೆ: "ಇದು ವಿಮೆಯಲ್ಲಿ ಬರುತ್ತದೆಯೇ?" ಬರುವುದಿಲ್ಲವೆಂದು ತಿಳಿದೊಡನೆ ಹಿರಿಯರು ತಾವೇ ಹೇಳಿಬಿಡುತ್ತಾರೆ: "ವಿಮೆಯವರೇ ಕೊಡುವುದಿಲ್ಲವೆಂದ ಮೇಲೆ ಅಷ್ಟೇನೂ ಅಗತ್ಯವಿರಲಿಕ್ಕಿಲ್ಲ ಬಿಡಪ್ಪ." ಈ ಮಾತನ್ನು ನಾವು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ವಿಮೆಯ ಕರಾರು ಏನನ್ನು ತೆರುತ್ತದೆ ಎಂಬುದು ಒಂದು ಪ್ರಶ್ನೆ. ಶರೀರಕ್ಕೆ ಏನು ಬೇಕು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರಿಸುವವರು ವಿಮಾ ಕಂಪನಿಯವರು, ಎರಡನೆಯದಕ್ಕೆ ವೈದ್ಯರು. ಇವೆರಡನ್ನೂ ಬೆರೆಸಿದ ಮನೆಯು ಹಣ ಉಳಿಸಲು ಹೋಗಿ ಹಿರಿಯರನ್ನು ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ. ಆದಕಾರಣ ಈ ವಿಷಯವನ್ನು ತುಸು ವಿಸ್ತಾರವಾಗಿ ವಿವೇಚಿಸುವುದು ಉಚಿತವೆಂದು ಭಾವಿಸಿದ್ದೇವೆ.

ಲಸಿಕೆ ಮಕ್ಕಳಿಗೆ ಮಾತ್ರವಲ್ಲ

ಲಸಿಕೆಯೆಂದರೆ ಕೂಸುಗಳಿಗೆ ಹಾಕಿಸುವಂಥದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಕಾರಣವೂ ಉಂಟು. ಭಾರತದಲ್ಲಿ 1978ರಲ್ಲಿ ಆರಂಭವಾಗಿ 1985ರಿಂದ ಸಾರ್ವತ್ರಿಕಗೊಂಡ ಲಸಿಕಾ ಕಾರ್ಯಕ್ರಮವು ಮುಖ್ಯವಾಗಿ ಮಕ್ಕಳನ್ನೂ ಗರ್ಭಿಣಿಯರನ್ನೂ ಗಮನದಲ್ಲಿರಿಸಿಕೊಂಡದ್ದು. ಪೋಲಿಯೋ ಹನಿ ಹಾಕುವ ಭಾನುವಾರಗಳನ್ನು ಮರೆತವರಿಲ್ಲ. ಅದರ ಫಲವಾಗಿ 2014ರ ಮಾರ್ಚಿಯಲ್ಲಿ ನಮ್ಮ ದೇಶವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

ಆದರೆ ಇತಿಹಾಸವನ್ನು ನೋಡಿದರೆ, ವಯಸ್ಕರು ಲಸಿಕೆ ಪಡೆಯುವುದು ಹೊಸ ಸಂಗತಿಯಲ್ಲ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ ಬಳಿಕ, 1802ರಲ್ಲಿ ಅದು ಮುಂಬಯಿಗೆ ಬಂದಿತು. ಥಾಮಸ್ ಹಿಕಿ ಎಂಬ ಚಿತ್ರಕಾರನು ಸುಮಾರು 1805ರಲ್ಲಿ ಬರೆದ ಮೂವರು ಸ್ತ್ರೀಯರ ತೈಲಚಿತ್ರವು ಮೈಸೂರು ಅರಮನೆಯ ರಾಣಿಯರದೆಂದೂ, ಸಿಡುಬಿನ ಲಸಿಕೆಯ ಬಗ್ಗೆ ಪ್ರಜೆಗಳಲ್ಲಿ ನಂಬಿಕೆ ಮೂಡಿಸಲು ಅದನ್ನು ಬರೆಸಲಾಯಿತೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಉತ್ತರ ಕರ್ನಾಟಕದ ಹಿರಿಯರು ಇಂದಿಗೂ "ದೇವಿ ಹಾಕಿಸುವುದು" ಎಂದೇ ಹೇಳುತ್ತಾರಷ್ಟೆ. ಆ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಘೋಷಿಸಿತು.

ಇಂದಿನ ವೈದ್ಯಶಾಸ್ತ್ರವು ವಯಸ್ಕರಿಗೆ ಹೇಳುವ ಲಸಿಕೆಗಳು ಹಲವು. ಫ್ಲೂ ಲಸಿಕೆಯನ್ನು ಪ್ರತಿವರ್ಷ ಹಾಕಿಸಬೇಕು. ಏಕೆಂದರೆ ಆ ರೋಗದ ವೈರಾಣು ವರ್ಷವರ್ಷವೂ ರೂಪ ಬದಲಿಸುತ್ತದೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ರೋಗಾಣುವಿನ ವಿರುದ್ಧದ ಲಸಿಕೆ ವೃದ್ಧರಿಗೂ, ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ, ಮೂತ್ರಪಿಂಡದ ತೊಂದರೆಯುಳ್ಳವರಿಗೂ ಮುಖ್ಯವಾದುದು. ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆಯನ್ನು ಹತ್ತು ವರ್ಷಗಳಿಗೊಮ್ಮೆ ಮರಳಿ ಪಡೆಯಬೇಕು. ಹೆಪಟೈಟಿಸ್-ಬಿ ಕಾಮಾಲೆಯ ಲಸಿಕೆಗೆ ಮೂರು ಚುಚ್ಚುಮದ್ದುಗಳು: ಮೊದಲನೆಯದು, ತಿಂಗಳ ನಂತರ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಬಾಲ್ಯದಲ್ಲಿ ಸೀತಾಳೆ ಸಿಡುಬು ತಗುಲಿದವರ ಶರೀರದಲ್ಲಿ ಅದರ ವೈರಾಣು ನರಗಳಲ್ಲಿ ಅಡಗಿದ್ದು, ಮುಪ್ಪಿನಲ್ಲಿ ಸರ್ಪಸುತ್ತಾಗಿ ಹೊರಬೀಳುತ್ತದೆ. ಗುಳ್ಳೆ ಒಣಗಿದ ಮೇಲೂ ಉರಿನೋವು ತಿಂಗಳುಗಟ್ಟಲೆ ಕಾಡುವುದುಂಟು. ಇದಕ್ಕೆ ಐವತ್ತು ದಾಟಿದವರು ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಪಡೆಯುವ ಲಸಿಕೆಯು 2023ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ.

ಇವು ಎಲ್ಲವೂ ಎಲ್ಲರಿಗೂ ಬೇಕೆಂದಲ್ಲ. ಯಾರಿಗೆ ಯಾವುದು, ಯಾವಾಗ ಎಂಬುದನ್ನು ವ್ಯಕ್ತಿಯ ವಯಸ್ಸು, ರೋಗ, ಸೇವಿಸುತ್ತಿರುವ ಔಷಧಿಗಳನ್ನು ಅರಿತ ವೈದ್ಯರೇ ನಿರ್ಣಯಿಸಬೇಕು. ನಾವು ಹೇಳಬಯಸುವುದಿಷ್ಟೇ: ಅರವತ್ತರ ಅಜ್ಜನಿಗೂ ಲಸಿಕೆಯ ಲೆಕ್ಕವೊಂದಿದೆ; ಅದನ್ನು ನಮ್ಮ ಮನೆಗಳು ಇಟ್ಟಿಲ್ಲ.

ವಿಮೆಯ ಸ್ವರೂಪ

ಈಗ ವಿಮೆಯ ಕಡೆಗೆ ಬರೋಣ. ನಮ್ಮ ದೇಶದ ಸಾಮಾನ್ಯ ವಿಮಾ ಕಂಪನಿಗಳು 1973ರಲ್ಲಿ ರಾಷ್ಟ್ರೀಕರಣಗೊಂಡವು. ಅವು 1986ರಲ್ಲಿ ಮೆಡಿಕ್ಲೇಮ್ ಎಂಬ ಹೆಸರಿನ ಪಾಲಿಸಿಯನ್ನು ಜನಸಾಮಾನ್ಯರಿಗೆ ಪರಿಚಯಿಸಿದವು. ಆಮೇಲೆ ಖಾಸಗಿ ಕಂಪನಿಗಳು ಬಂದವು, ಪಾಲಿಸಿಗಳ ಹೆಸರುಗಳು ನೂರಾರು ಆದವು. ಆದರೆ ಮೂಲ ಸ್ವರೂಪ ಬಹುಮಟ್ಟಿಗೆ ಅದೇ ಉಳಿದಿದೆ: ರೋಗಿಯು ಆಸ್ಪತ್ರೆಯಲ್ಲಿ ದಾಖಲಾಗಿ ಸಾಮಾನ್ಯವಾಗಿ 24 ಗಂಟೆಗಳಾದರೂ ಹಾಸಿಗೆಯಲ್ಲಿರಬೇಕು, ಇಲ್ಲವೇ ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯಂತೆ ಒಂದೇ ದಿನದಲ್ಲಿ ಮುಗಿಯುವುದೆಂದು ಪಾಲಿಸಿಯೇ ಒಪ್ಪಿಕೊಂಡ ಚಿಕಿತ್ಸೆಯಾಗಿರಬೇಕು. ದಾಖಲಾಗುವುದಕ್ಕೆ ಮುಂಚಿನ ಮತ್ತು ಬಿಡುಗಡೆಯ ನಂತರದ ನಿಗದಿತ ದಿನಗಳ ವೆಚ್ಚವೂ ಅದೇ ರೋಗಕ್ಕೆ ಸಂಬಂಧಿಸಿದ್ದರೆ ಸಲ್ಲುತ್ತದೆ.

ಲಸಿಕೆಯು ಈ ಚೌಕಟ್ಟಿನೊಳಗೆ ಕೂರುವುದಿಲ್ಲ. ಅದನ್ನು ಪಡೆಯುವವನು ರೋಗಿಯೇ ಅಲ್ಲ. ಹತ್ತು ನಿಮಿಷದಲ್ಲಿ ಚುಚ್ಚಿಸಿಕೊಂಡು ಅರ್ಧ ಗಂಟೆ ಕುಳಿತು ಮನೆಗೆ ಹೋಗುವವನು. ಆಸ್ಪತ್ರೆಯವರ ಲೆಕ್ಕದಲ್ಲಿ ಅದು ಹೊರರೋಗಿ ವಿಭಾಗದ ಕೆಲಸ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2020ರ ಏಪ್ರಿಲಿನಿಂದ ಕಂಪನಿಗಳು ಮಾರುತ್ತಿರುವ 'ಆರೋಗ್ಯ ಸಂಜೀವನಿ' ಎಂಬ ಏಕರೂಪದ ಪಾಲಿಸಿಯನ್ನೇ ತೆಗೆದುಕೊಳ್ಳಿರಿ. ಅದರ ಹೊರತುಪಡಿಕೆಗಳ ಪಟ್ಟಿಯಲ್ಲಿ ಹೊರರೋಗಿ ಚಿಕಿತ್ಸೆಯ ವೆಚ್ಚ ಸ್ಪಷ್ಟವಾಗಿ ಸೇರಿದೆ. ಇತರ ಅನೇಕ ಪಾಲಿಸಿಗಳಲ್ಲಿ ಇನ್ನೂ ನೇರವಾಗಿ, ಪ್ರಾಣಿ ಕಚ್ಚಿದ ನಂತರದ ಚಿಕಿತ್ಸೆಯ ಹೊರತು ಬೇರೆ ಯಾವ ಬಗೆಯ ಲಸಿಕೆಗೂ ಹಣ ಸಲ್ಲದೆಂಬ ಅರ್ಥದ ವಾಕ್ಯವಿರುತ್ತದೆ. ಪಾಲಿಸಿ ಮಾರುವಾಗ ಏಜೆಂಟರು ಈ ಪುಟವನ್ನು ತೆರೆದು ತೋರಿಸುವುದು ಅಪರೂಪ. ಕೊಳ್ಳುವವರು ಕೇಳುವುದೂ ಅಪರೂಪ.

ಇಲ್ಲಿ ಇನ್ನೊಂದು ಗೊಂದಲವನ್ನು ನಿವಾರಿಸಬೇಕು. ಹಲವು ಪಾಲಿಸಿಗಳಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಉಚಿತ ಆರೋಗ್ಯ ತಪಾಸಣೆಯ ಸೌಲಭ್ಯವಿರುತ್ತದೆ. ಅದರಲ್ಲಿ ರಕ್ತಪರೀಕ್ಷೆ, ಇ.ಸಿ.ಜಿ. ಮುಂತಾದವು ಬರುತ್ತವೆಯೇ ವಿನಾ ಲಸಿಕೆ ಬರುವುದಿಲ್ಲ. ತಪಾಸಣೆಯು ಬಂದಿರುವ ರೋಗವನ್ನು ಹುಡುಕುವುದು. ಲಸಿಕೆಯು ಬರಲಿರುವ ರೋಗವನ್ನು ತಡೆಯುವುದು.

ಹೊರಗಿಡಲು ಕಾರಣವೇನು?

ನ್ಯುಮೋನಿಯಾ ಬಂದರೆ ಲಕ್ಷಾಂತರ ರೂಪಾಯಿ ತೆರುವ ಕಂಪನಿಯು ಅದನ್ನು ತಡೆಯುವ ಕೆಲವು ಸಾವಿರದ ಲಸಿಕೆಗೆ ಏಕೆ ತೆರಬಾರದು? ಇದು ಓದುಗರಲ್ಲಿ ಏಳುವ ಸಹಜವಾದ ಪ್ರಶ್ನೆ. ವಿಮೆಯ ತತ್ತ್ವವನ್ನು ಅರಿತರೆ ಉತ್ತರ ಹೊಳೆಯುತ್ತದೆ. ಯಾರಿಗೆ ಯಾವಾಗ ಬರುವುದೋ ತಿಳಿಯದ ದೊಡ್ಡ ನಷ್ಟವನ್ನು ಹಲವರು ಹಂಚಿಕೊಳ್ಳುವುದೇ ವಿಮೆ. ನೂರು ಮನೆಯವರು ಕಂತು ಕೂಡಿಸಿದರೆ, ಅದರಲ್ಲಿ ಬೆಂಕಿ ಬಿದ್ದ ಒಂದು ಮನೆಗೆ ಅದು ಸಲ್ಲುತ್ತದೆ. ಲಸಿಕೆಯಾದರೋ ಯಾವಾಗ, ಎಷ್ಟು ಎಂಬುದು ಮೊದಲೇ ತಿಳಿದಿರುವ ವೆಚ್ಚ. ನೂರು ಜನರೂ ಅದನ್ನು ಕೇಳಿದರೆ ಹಂಚಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಕಂತನ್ನೇ ಅಷ್ಟು ಏರಿಸಬೇಕಾಗುತ್ತದೆ.

ಮತ್ತೊಂದು ಕಾರಣ ವ್ಯಾಪಾರದ್ದು. ಲಸಿಕೆಯ ಫಲ ಒಂದು ವರ್ಷದಲ್ಲಿ ಕಾಣುವಂಥದಲ್ಲ. ನಮ್ಮ ದೇಶದಲ್ಲಿ 2011ರ ಅಕ್ಟೋಬರಿನಿಂದ ಪಾಲಿಸಿದಾರರು ಒಂದು ಕಂಪನಿಯಿಂದ ಇನ್ನೊಂದಕ್ಕೆ ತಮ್ಮ ಹಳೆಯ ಅನುಕೂಲಗಳೊಡನೆ ವರ್ಗವಾಗಬಹುದು. ಈ ವರ್ಷ ಲಸಿಕೆಗೆ ಹಣ ತೆತ್ತ ಕಂಪನಿಯನ್ನು ಬಿಟ್ಟು ಮುಂದಿನ ವರ್ಷ ಗಿರಾಕಿಯು ಬೇರೆಡೆ ಹೋದರೆ, ಬಿತ್ತಿದವರೊಬ್ಬರು, ಬೆಳೆ ಕೊಯ್ದವರು ಇನ್ನೊಬ್ಬರು ಎಂದಾಗುತ್ತದೆ. ಹೀಗಾಗಿ ಕಂಪನಿಗಳು ತಾವಾಗಿಯೇ ಮುಂದೆ ಬರುವುದು ಕಡಿಮೆ. ಇದರಲ್ಲಿ ವೈದ್ಯಶಾಸ್ತ್ರದ ತೀರ್ಪು ಏನೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಲಸಿಕೆ ನಿಷ್ಪ್ರಯೋಜಕವೆಂದು ಅವರು ಅದನ್ನು ಹೊರಗಿಟ್ಟಿಲ್ಲ. ಲೆಕ್ಕ ಕೂಡುವುದಿಲ್ಲವೆಂದು ಹೊರಗಿಟ್ಟಿದ್ದಾರೆ.

ವಿಮೆ ಸಲ್ಲುವ ಸಂದರ್ಭಗಳು

ಹಾಗೆಂದು ವಿಮೆಯು ಲಸಿಕೆಯ ವಿಷಯದಲ್ಲಿ ಪೂರ್ಣ ಮೌನಿಯೇನಲ್ಲ. ಕೆಲವು ಬಾಗಿಲುಗಳು ತೆರೆದಿವೆ.

ಮೊದಲನೆಯದು, ನಾಯಿ ಮುಂತಾದ ಪ್ರಾಣಿಗಳ ಕಡಿತ. ಇಲ್ಲಿ ಲಸಿಕೆಯೇ ಚಿಕಿತ್ಸೆಯ ಅಂಗವಾದ್ದರಿಂದ ಅನೇಕ ಪಾಲಿಸಿಗಳು ಅದನ್ನು ಒಪ್ಪುತ್ತವೆ. ಆದರೆ ಕೆಲವು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗ ಮಾತ್ರ ಕೊಡುತ್ತವೆ. ಇನ್ನು ಕೆಲವು ದಾಖಲಾಗದಿದ್ದರೂ ಒಂದು ಮಿತಿಯವರೆಗೆ ಕೊಡುತ್ತವೆ. ತಮ್ಮದು ಯಾವ ಬಗೆಯದೆಂದು ಮೊದಲೇ ತಿಳಿದಿರಬೇಕು. ನಾಯಿ ಕಚ್ಚಿದ ಮೇಲೆ ಕಾಗದ ಹುಡುಕುತ್ತ ಕೂರುವಂತಿಲ್ಲ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣಗಳು ತೋರಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ.

ಎರಡನೆಯದು, ಲಸಿಕೆಯಿಂದಲೇ ಅಪರೂಪಕ್ಕೆ ತೀವ್ರ ತೊಂದರೆಯಾಗಿ ಆಸ್ಪತ್ರೆಗೆ ಸೇರುವ ಪ್ರಸಂಗ. ಕೋವಿಡ್ ಲಸಿಕೆ ಆರಂಭವಾದಾಗ ಈ ಸಂದೇಹ ಅನೇಕರನ್ನು ಕಾಡಿತು. 2021ರ ಮಾರ್ಚಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ಕೋವಿಡ್ ಲಸಿಕೆಯ ಪ್ರತಿಕೂಲ ಪರಿಣಾಮದಿಂದ ಆಸ್ಪತ್ರೆಗೆ ದಾಖಲಾದರೆ ಆ ವೆಚ್ಚವು ಪಾಲಿಸಿಯ ನಿಬಂಧನೆಗಳಿಗೊಳಪಟ್ಟು ಸಲ್ಲುತ್ತದೆಂದು ಸ್ಪಷ್ಟಪಡಿಸಿತು. ಲಸಿಕೆಯ ಬೆಲೆಗೆ ವಿಮೆಯಿಲ್ಲದಿದ್ದರೂ ಅದರ ಅಪಾಯಕ್ಕೆ ವಿಮೆಯಿತ್ತು. ಇದನ್ನು ತಿಳಿಯದೆ ಹೆದರಿ ಹಿಂದೆ ಸರಿದವರೂ ಇದ್ದರು.

ಮೂರನೆಯದು, ಹೊರರೋಗಿ ವೆಚ್ಚವನ್ನೂ ಸೇರಿಸಿಕೊಂಡ ಪಾಲಿಸಿಗಳು. ಹೆಚ್ಚುವರಿ ಕಂತು ಕಟ್ಟಿದರೆ ವೈದ್ಯರ ಭೇಟಿ, ಪರೀಕ್ಷೆ, ಔಷಧಿಗಳಿಗೆ ವರ್ಷಕ್ಕೊಂದು ಮಿತಿಯವರೆಗೆ ಕೊಡುವ ಇಂಥವುಗಳಲ್ಲಿ ಕೆಲವು ವಯಸ್ಕರ ಲಸಿಕೆಯನ್ನೂ ಸೇರಿಸಿವೆ, ಕೆಲವು ಸೇರಿಸಿಲ್ಲ. ಇಲ್ಲಿ ಒಂದು ಸರಳ ಗಣಿತವನ್ನು ಮಾಡಿ ನೋಡಬೇಕು. ಐದು ಸಾವಿರದ ಸೌಲಭ್ಯಕ್ಕೆ ನಾಲ್ಕೂವರೆ ಸಾವಿರದ ಹೆಚ್ಚುವರಿ ಕಂತಾದರೆ ಅದು ವಿಮೆಯಲ್ಲ, ನಮ್ಮ ಹಣವನ್ನು ನಾವೇ ಸುತ್ತು ಬಳಸಿ ಪಡೆದಂತೆ.

ನಾಲ್ಕನೆಯದು, ಉದ್ಯೋಗದಾತರು ನೌಕರರಿಗಾಗಿ ಮಾಡಿಸುವ ಸಾಮೂಹಿಕ ಪಾಲಿಸಿ. ಅದರ ನಿಬಂಧನೆಗಳನ್ನು ಉದ್ಯೋಗದಾತರೇ ಮಾತಾಡಿಕೊಂಡು ನಿಗದಿಪಡಿಸುವುದರಿಂದ, ಕೆಲವು ಸಂಸ್ಥೆಗಳು ಲಸಿಕೆಯನ್ನು ಸೇರಿಸಿಕೊಳ್ಳುವುದುಂಟು. ಕೆಲವು ತಾವೇ ಕಚೇರಿಯಲ್ಲಿ ಫ್ಲೂ ಲಸಿಕೆಯ ಶಿಬಿರ ನಡೆಸುವುದುಂಟು. ಮಗನೋ ಸೊಸೆಯೋ ಇಂಥ ಸಂಸ್ಥೆಯಲ್ಲಿದ್ದರೆ, ತಂದೆತಾಯಿಗಳಿಗೂ ಅದು ಅನ್ವಯಿಸುತ್ತದೆಯೇ ಎಂದು ಒಂದು ಪತ್ರ ಬರೆದು ಕೇಳುವುದರಲ್ಲಿ ಸಂಕೋಚವೇಕೆ?

ಸರ್ಕಾರದ ಪಾಲು

ವಿಮೆ ಹಿಂದೆ ಸರಿದಲ್ಲಿ ಸರ್ಕಾರ ಮುಂದೆ ಬಂದ ಉದಾಹರಣೆಗಳೂ ನಮ್ಮ ಕಣ್ಣ ಮುಂದಿವೆ. 2021ರ ಜನವರಿ 16ರಂದು ಆರಂಭವಾದ ಕೋವಿಡ್ ಲಸಿಕಾ ಅಭಿಯಾನದಲ್ಲಿ, ಮಾರ್ಚಿ 1ರಿಂದ ಅರವತ್ತು ದಾಟಿದವರ ಸರದಿ ಬಂದಿತು. ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ. ಖಾಸಗಿ ಆಸ್ಪತ್ರೆಗಳಲ್ಲಿ ಆಗ ಒಂದು ಡೋಸಿಗೆ 250 ರೂ. ಮಿತಿ. ಕೋಟ್ಯಂತರ ವಯಸ್ಕರು ತಮ್ಮ ಜೀವನದಲ್ಲಿ ಬಹುಕಾಲದ ಮೇಲೆ ತೋಳು ಒಡ್ಡಿದ್ದು ಆಗಲೇ. ಅದಕ್ಕೂ ಮುನ್ನ 2020ರ ಜುಲೈನಲ್ಲಿ ಬಂದ 'ಕೊರೊನಾ ಕವಚ' ಎಂಬ ಪಾಲಿಸಿಯು ಆಸ್ಪತ್ರೆಯ ಮತ್ತು ಮನೆಯ ಚಿಕಿತ್ಸೆಯ ವೆಚ್ಚಕ್ಕಾಗಿ ರೂಪುಗೊಂಡದ್ದು. ಚಿಕಿತ್ಸೆಯ ಭಾರವನ್ನು ವಿಮೆಯೂ ಹೊತ್ತಿತು, ಲಸಿಕೆಯ ಭಾರವನ್ನು ಬಹುಪಾಲು ಬೊಕ್ಕಸವೇ ಹೊತ್ತಿತು. ಈ ಒಂದು ನಿದರ್ಶನದಲ್ಲಿ ನಮ್ಮ ದೇಶದ ಇಡೀ ವ್ಯವಸ್ಥೆ ಅಡಗಿದೆ.

ನಮ್ಮ ಮಲೆನಾಡಿನದೇ ಇನ್ನೊಂದು ನಿದರ್ಶನ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ಸರ್ಕಾರವು ದಶಕಗಳ ಕಾಲ ಕಾಡಂಚಿನ ಹಳ್ಳಿಗಳ ವಯಸ್ಕರಿಗೂ ಉಚಿತ ಲಸಿಕೆ ಹಾಕಿಸಿತು. ಆ ಹಳೆಯ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು 2022ರಲ್ಲಿ ಅದು ನಿಂತಿತು. ಅಡಕೆ ತೋಟದ ಕೂಲಿಯಾಳಿಗೆ ಯಾವ ವಿಮಾ ಕಂಪನಿಯೂ ಆ ಚುಚ್ಚುಮದ್ದನ್ನು ಕೊಡಿಸಿರಲಿಲ್ಲ.

ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಧನುರ್ವಾಯು-ಗಂಟಲಮಾರಿಯ ಲಸಿಕೆ ಉಚಿತ. ನಾಯಿ ಕಡಿತಕ್ಕೆ ರೇಬೀಸ್ ಲಸಿಕೆಯೂ, ಆಳವಾದ ಗಾಯಗಳಿಗೆ ಬೇಕಾದ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದೂ ಸರ್ಕಾರದ ಕಾರ್ಯಕ್ರಮದಡಿ ಒದಗುತ್ತವೆ. ಆದರೆ ಮುಪ್ಪಿನವರ ಫ್ಲೂ, ನ್ಯುಮೋನಿಯಾ, ಸರ್ಪಸುತ್ತಿನ ಲಸಿಕೆಗಳನ್ನು ಸಾಮಾನ್ಯವಾಗಿ ಮನೆಯವರೇ ಕೊಳ್ಳಬೇಕು. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಾಗುವುದಾದರೂ, ಅದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ ಮೀಸಲು. ಸಹಕಾರಿ ಸಂಘಗಳ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಚಾಲನೆ ಪಡೆದ ಯಶಸ್ವಿನಿಯೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗೆ ಸಂಬಂಧಿಸಿದ್ದು. ಈ ಕಾರ್ಡುಗಳಿರುವವರು ಅವುಗಳಿಂದ ಲಸಿಕೆಯನ್ನು ನಿರೀಕ್ಷಿಸಬಾರದು.

ಸಾಗರದಾಚೆಯ ಪಾಠ

ನಮ್ಮ ಅನೇಕ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ತಂದೆತಾಯಿಗಳು ಅಲ್ಲಿಗೆ ಹೋಗಿ ಆರು ತಿಂಗಳಿದ್ದು ಬರುವುದು ಈಗ ಸಾಮಾನ್ಯ. ಅಲ್ಲಿ ಹಿರಿಯರಿಗೆಲ್ಲ ಲಸಿಕೆ ವಿಮೆಯಲ್ಲಿಯೇ ದೊರೆಯುತ್ತದೆಂಬ ಮಾತು ಅವರ ಕಿವಿಗೆ ಬೀಳುತ್ತದೆ. ಅದು ನಿಜ, ಆದರೆ ಅದರ ಹಿಂದಿನ ಕಥೆಯನ್ನು ತಿಳಿಯಬೇಕು.

ಅಮೆರಿಕದಲ್ಲಿ ವೃದ್ಧರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಯ ಕಾನೂನು ಬಂದದ್ದು 1965ರಲ್ಲಿ. ಮೊದಲಿಗೆ ಅದೂ ನಮ್ಮ ಪಾಲಿಸಿಗಳಂತೆ ರೋಗ ಬಂದ ಮೇಲಿನ ಚಿಕಿತ್ಸೆಗಷ್ಟೇ ತೆರುತ್ತಿತ್ತು. ನ್ಯುಮೋಕಾಕಸ್ ಲಸಿಕೆ ಅದರಲ್ಲಿ ಸೇರಲು 1981ರವರೆಗೆ ಕಾಯಬೇಕಾಯಿತು. ಅಪಾಯದಲ್ಲಿರುವವರಿಗೆ ಹೆಪಟೈಟಿಸ್-ಬಿ ಲಸಿಕೆ 1984ರಲ್ಲಿ, ಫ್ಲೂ ಲಸಿಕೆ 1993ರಲ್ಲಿ ಸೇರಿದವು. ಖಾಸಗಿ ವಿಮೆಗಳು ತಜ್ಞರ ಸಮಿತಿಯು ಶಿಫಾರಸು ಮಾಡಿದ ಲಸಿಕೆಗಳನ್ನು ತಮ್ಮ ಜಾಲದ ವೈದ್ಯರಲ್ಲಿ ಪಡೆದವರಿಂದ ಏನೂ ಕೇಳದೆ ಕೊಡಬೇಕೆಂಬ ನಿಯಮ 2010ರ ಕಾನೂನಿನಿಂದ ಬಂದಿತು. ಸರ್ಪಸುತ್ತಿನ ಲಸಿಕೆಗೆ ಮಾತ್ರ ಮೆಡಿಕೇರಿನ ಹಿರಿಯರು ತಮ್ಮ ಕೈಯಿಂದ ಒಂದು ಪಾಲು ತೆರುತ್ತಲೇ ಇದ್ದರು. 2022ರ ಆಗಸ್ಟಿನಲ್ಲಿ ಅಂಗೀಕೃತವಾದ ಕಾನೂನಿನ ಮೇರೆಗೆ 2023ರ ಜನವರಿ 1ರಿಂದ ಆ ಪಾಲೂ ಇಲ್ಲವಾಯಿತು. ಶ್ರೀಮಂತ ದೇಶದಲ್ಲಿಯೂ ವಿಮೆಯು ತಾನಾಗಿ ಲಸಿಕೆಯನ್ನು ಒಳಗೆ ಕರೆದುಕೊಳ್ಳಲಿಲ್ಲ. ಶಾಸನವು ಕೈಹಿಡಿದು ಒಳತಂದಿತು. ಅದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಸೌಲಭ್ಯವಾದರೂ ತಜ್ಞರ ಪಟ್ಟಿಯನ್ನು ಅವಲಂಬಿಸಿದೆ. 2025ರ ಜೂನಿನಲ್ಲಿ ಆ ಸಮಿತಿಯ ಹದಿನೇಳು ಸದಸ್ಯರನ್ನೂ ಒಮ್ಮೆಗೇ ತೆಗೆದುಹಾಕಿದ್ದರಿಂದ, ಅಲ್ಲಿರುವ ನಮ್ಮ ಮಕ್ಕಳು ತಮ್ಮ ವಿಮೆಯವರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.

ಇನ್ನು ಇಲ್ಲಿಂದ ಹೋಗಿಬರುವ ತಂದೆತಾಯಿಗಳಿಗೆ ಮೆಡಿಕೇರ್ ಅನ್ವಯಿಸುವುದಿಲ್ಲ. ಖಾಯಂ ನಿವಾಸಿಗಳಾಗಿ ಐದು ವರ್ಷ ನಿರಂತರವಾಗಿ ಅಲ್ಲಿದ್ದು, 65 ವರ್ಷ ತುಂಬಿದವರು ಕಂತು ಕಟ್ಟಿ ಅದನ್ನು ಸೇರಬಹುದು. ಪ್ರವಾಸಿಗರಿಗೆಂದು ಮಾರುವ ವಿಮೆಯು ಹಠಾತ್ತಾಗಿ ಬಂದ ಕಾಯಿಲೆ, ಅಪಘಾತಗಳಿಗಾಗಿ ಇರುವಂಥದು; ಲಸಿಕೆಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಲಸಿಕೆಯ ಬೆಲೆಯೂ ಅಲ್ಲಿ ಹೆಚ್ಚು. ಆದಕಾರಣ ಹೊರಡುವ ಎರಡು ತಿಂಗಳ ಮೊದಲೇ ಊರಿನ ವೈದ್ಯರನ್ನು ಕಂಡು, ಬೇಕಾದುದನ್ನು ಇಲ್ಲಿಯೇ ಹಾಕಿಸಿಕೊಂಡು, ದಾಖಲೆಯನ್ನು ಜೊತೆಗೊಯ್ಯುವುದು ಲೇಸು.

ಮನೆಯವರು ಮಾಡಬೇಕಾದುದು

ಇಷ್ಟನ್ನು ತಿಳಿದ ಮೇಲೆ ಗೃಹಸ್ಥರ ಕರ್ತವ್ಯವೇನು?

ಮೊದಲನೆಯದಾಗಿ, ಪೆಟ್ಟಿಗೆಯಲ್ಲಿರುವ ಪಾಲಿಸಿಯನ್ನು ತೆರೆದು ಹೊರತುಪಡಿಕೆಗಳ ಪುಟವನ್ನು ಓದಬೇಕು. ಇಂಗ್ಲಿಷು ತೊಡಕಾದರೆ ಹೆದರಬೇಕಿಲ್ಲ. ಪಾಲಿಸಿಯ ಸಾರವನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವೊಂದನ್ನು ಕಂಪನಿಗಳು ಕೊಡಬೇಕೆಂದೂ, ಪಾಲಿಸಿದಾರರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕೆಂದೂ 2024ರ ಜನವರಿಯಿಂದ ನಿಯಮವಿದೆ. ಕನ್ನಡದಲ್ಲಿ ಕೊಡಿರೆಂದು ಕೇಳುವುದು ನಮ್ಮ ಹಕ್ಕು. ಹೊಸದಾಗಿ ಕೊಂಡ ಪಾಲಿಸಿಯು ಹೇಳಿದಂತಿಲ್ಲವೆಂದು ಕಂಡರೆ, ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಲೂಬಹುದು.

ಎರಡನೆಯದಾಗಿ, ಏಜೆಂಟರ ಬಾಯಿಮಾತನ್ನು ನಂಬದೆ, "ವಯಸ್ಕರ ಲಸಿಕೆಗೆ ಹಣ ಸಲ್ಲುವುದೇ? ಯಾವ ಲಸಿಕೆಗೆ? ಎಷ್ಟು ಮಿತಿ? ಪ್ರಾಣಿ ಕಡಿತಕ್ಕೆ ದಾಖಲಾಗಲೇಬೇಕೇ?" ಎಂಬ ನಾಲ್ಕು ಪ್ರಶ್ನೆಗಳನ್ನು ಕಂಪನಿಗೆ ಬರೆದು, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ಸಲ್ಲುವುದೆಂದಾದರೆ ವೈದ್ಯರ ಚೀಟಿ, ಲಸಿಕೆಯ ಹೆಸರು ಮತ್ತು ಬ್ಯಾಚ್ ಸಂಖ್ಯೆಯಿರುವ ಬಿಲ್ಲು, ಹಾಕಿಸಿದ ದಿನಾಂಕದ ದಾಖಲೆ ಇವನ್ನು ಜೋಪಾನವಾಗಿಡಬೇಕು. ನ್ಯಾಯವಾಗಿ ಸಲ್ಲಬೇಕಾದುದನ್ನು ಕಂಪನಿ ನಿರಾಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೂ, ತಿಂಗಳೊಳಗೆ ಪರಿಹಾರ ದೊರೆಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೂ ಮೊರೆಯಿಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮೂರನೆಯದಾಗಿ, ಲಸಿಕೆಯನ್ನು ಮನೆಯ ವಾರ್ಷಿಕ ಖರ್ಚಿನ ಪಟ್ಟಿಯಲ್ಲಿ ಬರೆದಿಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18ರ ಜಿ.ಎಸ್.ಟಿ. ರದ್ದಾಗಿದೆ. 20,000 ರೂ. ಕಂತಿಗೆ 3,600 ರೂ. ತೆರಿಗೆ ಕಟ್ಟುತ್ತಿದ್ದ ಮನೆಗೆ, ಮೂಲ ಕಂತು ಏರದಿದ್ದರೆ, ಅಷ್ಟು ಉಳಿಯಿತು. ಅದನ್ನು ಹಿರಿಯರ ಲಸಿಕೆಗೆ ತೆಗೆದಿರಿಸಿದರೆ ಫ್ಲೂ ಲಸಿಕೆಯ ಖರ್ಚು ಅದರಲ್ಲಿಯೇ ಹೊರಟೀತು. ಸರ್ಪಸುತ್ತಿನ ಲಸಿಕೆ ದುಬಾರಿ, ಒಂದೊಂದು ಡೋಸಿಗೂ ಹತ್ತು ಸಾವಿರದ ಆಸುಪಾಸು ಆಗುತ್ತದೆ. ಅದಕ್ಕೆ ಮಕ್ಕಳೆಲ್ಲರೂ ಪಾಲು ಹಾಕಬಹುದು. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ಇನ್ನೊಂದನ್ನು ನೆನಪಿಡಬೇಕು: ಆರೋಗ್ಯ ವಿಮೆಯೇ ಇಲ್ಲದ, ಅರವತ್ತು ತುಂಬಿದ ತಂದೆತಾಯಿಗಳ ವೈದ್ಯಕೀಯ ವೆಚ್ಚಕ್ಕೆ, ನಗದಾಗಿ ತೆತ್ತಿರದಿದ್ದರೆ, ವರ್ಷಕ್ಕೆ 50,000 ರೂ.ವರೆಗೆ ವಿನಾಯಿತಿಯುಂಟು.

ನಾಲ್ಕನೆಯದಾಗಿ, ಲಸಿಕೆಯನ್ನು ಶೀತಲ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿ ಉಷ್ಣತೆಯಲ್ಲಿ ಕಾಯ್ದಿಡುವ ಆಸ್ಪತ್ರೆಯಲ್ಲಿಯೇ ಹಾಕಿಸಬೇಕು. ಔಷಧದ ಅಂಗಡಿಯಲ್ಲಿ ಕೊಂಡು ಬಿಸಿಲಲ್ಲಿ ಚೀಲದಲ್ಲಿಟ್ಟು ಒಯ್ದರೆ ಹಣವೂ ಹೋಯಿತು, ರಕ್ಷಣೆಯೂ ಹೋಯಿತು. ಫ್ಲೂ ಲಸಿಕೆಯ ಶಕ್ತಿ ಮೈಯಲ್ಲಿ ನೆಲೆಗೊಳ್ಳಲು ಎರಡು ವಾರ ಬೇಕಾಗುವುದರಿಂದ ಮಳೆಗಾಲಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಮನೆಯ ಪ್ರತಿಯೊಬ್ಬರ ಹೆಸರಿಗೂ ಒಂದು ಪುಟವಿರುವ ಲಸಿಕೆಯ ಪುಸ್ತಕವಿರಲಿ. ಆ ಪುಸ್ತಕದಲ್ಲಿ ತಾಯಿಯ ಪುಟವೂ ಇರಲಿ. ಎಲ್ಲರಿಗೂ ಔಷಧಿ ನೆನಪಿಸುವ ಆಕೆಗೆ ಕೊನೆಯ ಲಸಿಕೆ ಹೆರಿಗೆಯ ಕಾಲದ್ದೇ ಆಗಿರುತ್ತದೆ, ಎಷ್ಟೋ ಮನೆಗಳಲ್ಲಿ.

"ನನಗೇಕಪ್ಪ ಈ ವಯಸ್ಸಿನಲ್ಲಿ? ಆ ದುಡ್ಡು ಮೊಮ್ಮಗನ ಫೀಜಿಗೆ ಆಗಲಿ" ಎಂದು ಹಿರಿಯರು ಹೇಳುವುದು ಅವರ ದೊಡ್ಡತನ. ಅದನ್ನು ಒಪ್ಪಿಕೊಂಡು ಸುಮ್ಮನಾಗುವುದು ಮಕ್ಕಳ ದೊಡ್ಡತನವಲ್ಲ. ಲೆಕ್ಕದ ದೃಷ್ಟಿಯಿಂದ ನೋಡಿದರೂ, ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ ಎರಡು ಲಕ್ಷದ ಬಿಲ್ಲಾಯಿತೆನ್ನೋಣ. ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಶೇ. 5ನ್ನು ಪಾಲಿಸಿದಾರರೇ ತೆರಬೇಕು. ಅದೇ ಹತ್ತು ಸಾವಿರವಾಯಿತು. ಜೊತೆಗಿದ್ದವರ ಊಟ, ಓಡಾಟ, ಹೋದ ಸಂಬಳ, ವಿಮೆಯವರು ಕಳೆಯುವ ಸಣ್ಣಪುಟ್ಟ ಬಾಬುಗಳು ಬೇರೆ. ನ್ಯುಮೋನಿಯಾದ ಲಸಿಕೆ ಇದಕ್ಕಿಂತ ಕಡಿಮೆಗೆ ಬರುತ್ತದೆ. ಲಸಿಕೆ ಹಾಕಿಸಿದವರಿಗೆ ರೋಗ ಬರುವುದೇ ಇಲ್ಲವೆಂದು ಯಾರೂ ಹೇಳಲಾರರು. ಬಂದರೂ ಅದರ ತೀವ್ರತೆ ತಗ್ಗುತ್ತದೆ, ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕಾಯುವ ರಾತ್ರಿಗಳು ಕಡಿಮೆಯಾಗುತ್ತವೆ. ಆ ರಾತ್ರಿಗಳಿಗೆ ಯಾವ ಪಾಲಿಸಿಯೂ ಪರಿಹಾರ ಕೊಡುವುದಿಲ್ಲ.

ವಿಮೆ ಬೇಕು, ಅದನ್ನು ಬಿಡಬಾರದು. ಆದರೆ ಅದು ಬಿದ್ದವರನ್ನು ಎತ್ತುವ ಕೈ, ಬೀಳದಂತೆ ಹಿಡಿಯುವ ಕೈಯಲ್ಲ. ಹಿಡಿಯುವ ಕೆಲಸ ಸರ್ಕಾರದ್ದೂ ಹೌದು, ಮುಂದೊಂದು ದಿನ ಶಾಸನದಿಂದ ವಿಮೆಯದೂ ಆಗಬೇಕು. ಅಲ್ಲಿಯವರೆಗೆ ಅದು ಮನೆಯವರದು. ಮುಂದಿನ ಕಂತು ಕಟ್ಟುವ ದಿನ ಪಾಲಿಸಿಯನ್ನು ಪೆಟ್ಟಿಗೆಗೆ ಮರಳಿಸುವ ಮೊದಲು, ಅಪ್ಪ ಅವ್ವಂದಿರಿಗೆ ಯಾವ ಲಸಿಕೆ ಬಾಕಿಯಿದೆಯೆಂದು ವೈದ್ಯರನ್ನೊಮ್ಮೆ ಕೇಳಿಬರುವ ಸಂಕಲ್ಪವನ್ನು ಪ್ರತಿಯೊಂದು ಮನೆಯೂ ಮಾಡಲೆಂದು ನಾವು ಹಾರೈಸುತ್ತೇವೆ.